ಅಂಚೆಯಲ್ಲಿ ಬಂದ ಆರು ಅಂಕಿ

೩ ಜೂನ್

ಪ್ರೀತಿಯ ಗುಂಡಿಗೆ,

ನೀನು ಫೋನ್ ಎತ್ತುವುದಿಲ್ಲ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದೆ. ಕಾಗದವಾದರೆ ಹಾಗಲ್ಲ, ಹರಿದು ಹಾಕುವ ಮುಂಚೆ ಯಾರಾದರೂ ಒಂದು ಸಲ ಕಣ್ಣಾಡಿಸಿಯೇ ಆಡಿಸುತ್ತಾರೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಕೊನೆಗಾಲಕ್ಕೆ ಬಂದಿರುವುದು ನಿನ್ನ ತಮ್ಮ ಕಾಜಾನ ಟ್ಯಾಬ್.

ಅದರ ಬೆನ್ನು ನೀರಲ್ಲಿ ನೆನೆದ ಪುಸ್ತಕದ ಹಾಗೆ ಉಬ್ಬಿಕೊಂಡಿದೆ. ಗಾಜು ಒಂದು ಮೂಲೆಯಲ್ಲಿ ಎದ್ದಿದೆ. ಚಾರ್ಜರಿನ ಪಿನ್ನನ್ನು ಒಂದು ಪಕ್ಕಕ್ಕೆ ವಾಲಿಸಿ, ಅದಕ್ಕೆ ತಣ್ಣಗಿನ ಇಸ್ತ್ರಿಪೆಟ್ಟಿಗೆ ಒರಗಿಸಿಟ್ಟರೆ ಮಾತ್ರ ಕರೆಂಟು ಒಳಗೆ ಹೋಗುತ್ತದೆ. ಫೋನ್ ಅಂಗಡಿಯವನು ಮುಟ್ಟಲೇ ಇಲ್ಲ. "ಅಮ್ಮಾ, ಬ್ಯಾಟರಿ ಉಬ್ಬಿದೆ, ಯಾವಾಗ ಬೇಕಾದ್ರೂ ಬೆಂಕಿ ಹತ್ತುತ್ತೆ, ಇದನ್ನ ಹೊಲಿಗೆ ಬಟ್ಟೆ ಪಕ್ಕದಲ್ಲಿ ಇಟ್ಕೊಂಡಿದ್ದೀರಲ್ಲ, ನಿಮ್ಮ ಗಟ್ಟಿತನ ಮೆಚ್ಚಬೇಕು" ಎಂದ. ಹೊಸದು ತಂದೆ. ಅಗಲವಾಗಿದೆ, ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು. ಆದರೆ ಒಂದೇ ಒಂದು ಮಾತು ಬರುವುದಿಲ್ಲ ಅದಕ್ಕೆ. ನಮ್ಮ ಕಾಜಾನ ಹಾಗೆಯೇ.

ನೀನು ಹದಿಮೂರರ ಹುಡುಗನಿದ್ದಾಗ ಕತ್ತರಿಸುವ ಮೇಜಿನ ಕೆಳಗೆ ಕೂತು, ಟ್ಯಾಬಿನಲ್ಲಿ ಚೌಕಾಬಾರದ ಹಾಗೆ ಮನೆ ಮನೆ ಮಾಡಿ, ಒಂದೊಂದು ಮನೆಗೂ ಒಂದು ಚಿತ್ರ ಇಟ್ಟು, ನಿನ್ನ ದನಿ ತುಂಬಿದೆಯಲ್ಲ, ಅವನು ಇವತ್ತಿಗೂ ಮಾತಾಡುವುದು ಅದರಲ್ಲೇ. ಅಕ್ಷರ ಅವನಿಗೆ ಹತ್ತಲಿಲ್ಲ, ಚಿತ್ರ ಹತ್ತಿತು. ಗಿರಾಕಿ ಬಂದರೆ ಮೇಲಿನ ಸಾಲಿನ ಮೂರನೇ ಮನೆ ಒತ್ತುತ್ತಾನೆ, ನೀನು "ನಾಳೆ ಬನ್ನಿ" ಅನ್ನುತ್ತೀಯ. ಬಾಯಾರಿದರೆ "ನೀರು" ಅನ್ನುತ್ತೀಯ. ಮೂಲೆ ಮನೆಯ ಮೇಷ್ಟ್ರು ಪ್ಯಾಂಟಿನ ಉದ್ದ ಹಿಡಿಸಲು ಬಂದಾಗೆಲ್ಲ, "ಏನಯ್ಯಾ, ಮೀಸೆ ಬಂತು, ದನಿ ಇನ್ನೂ ಚಡ್ಡಿ ಹಾಕ್ಕೊಂಡಿದೆ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಕಾಜಾ ನಗುವುದಿಲ್ಲ.

ಹಳೆಯದರಿಂದ ಹೊಸದಕ್ಕೆ ಎಲ್ಲ ಸಾಗಿಸುವುದು ಹೇಗೆ ಎಂದು ಬರೆ. ಚಿತ್ರ ನಾಲ್ಕು ಹೆಚ್ಚುಕಡಿಮೆಯಾದರೂ ಪರವಾಗಿಲ್ಲ, ದನಿ ಮಾತ್ರ ಬರಬೇಕು. ನೀನು ಹೋದ ಮೇಲೆ ಈ ಅಂಗಡಿಯಲ್ಲಿ ನಿನ್ನದು ಅಂತ ಉಳಿದಿರುವುದು ಅದೊಂದೇ.

ನಿನ್ನ ದೊಡ್ಡಮ್ಮ

೧೯ ಜೂನ್

ದೊಡ್ಡಮ್ಮನವರಿಗೆ,

ಕಾಗದ ತಲುಪಿತು. ಎರಡನ್ನೂ ಒಂದೇ ವೈಫೈಗೆ ಸೇರಿಸಿ. ಎರಡನ್ನೂ ಅಕ್ಕಪಕ್ಕ ಇಡಿ. ಹೊಸದರಲ್ಲಿ "ಹಳೆಯ ಸಾಧನದಿಂದ ನಕಲಿಸು" ಎಂದು ಕೇಳುತ್ತದೆ, ಹೌದು ಅನ್ನಿ. ಮುಗಿಯುವ ತನಕ ಹಳೆಯದು ಆರದಂತೆ ನೋಡಿಕೊಳ್ಳಿ. ನಡುವೆ ನಿಂತರೆ ಮೊದಲಿನಿಂದ ಮಾಡಬೇಕು. ನಿಮಗೆ ಆಗದಿದ್ದರೆ ಗೊತ್ತಿರುವವರನ್ನು ಕರೆಯಿರಿ.

ನಾನು ಕೋಲ್ಡ್ ಸ್ಟೋರೇಜಿನ ಕೆಲಸದಲ್ಲೇ ಇದ್ದೇನೆ. ಒಳಗೆ ಫೋನ್ ಒಯ್ಯಲು ಬಿಡುವುದಿಲ್ಲ.

ಇತಿ

೮ ಜುಲೈ

ಗುಂಡಿ,

"ನೀವು" ಅಂತ ಬರೆದಿದ್ದೀಯ. ನಾನು ಯಾವಾಗಿನಿಂದ ನಿನಗೆ ಬಹುವಚನ ಆದೆ? ನನ್ನ ತಂಗಿ ನಿಮ್ಮಿಬ್ಬರನ್ನು ನನ್ನ ಮಡಿಲಿಗೆ ಹಾಕಿ ಹೋದ ದಿನದಿಂದ "ದೊಡ್ಡಮ್ಮಾ ಬಾರೇ, ಹೋಗೇ" ಅಂದವನು ನೀನು. ಇರಲಿ, ಬರೆದೆಯಲ್ಲ, ಅದೇ ದೊಡ್ಡದು.

ಕೆಲಸ ಅರ್ಧ ಆಯಿತು, ಆ ಅರ್ಧವೇ ಅನಾಹುತ ಮಾಡಿತು. ಮೇಲಿನ ಮಹಡಿಯ ಟೈಪಿಸ್ಟ್ ಮೇಡಂ ಬಂದು ಕೂತರು. "ಜೀವಮಾನವೆಲ್ಲ ಕೀಲಿ ಒತ್ತಿದವಳು ನಾನು, ಇದೇನು ಮಹಾ" ಎಂದರು. ನಾನು ಹಳೆಯದಕ್ಕೆ ಇಸ್ತ್ರಿಪೆಟ್ಟಿಗೆ ಒರಗಿಸಿ ಹಿಡಿದುಕೊಂಡೇ ನಿಂತಿದ್ದೆ. ಚಿತ್ರಗಳು ಬಂದವು, ಆದರೆ ಗೋಣಿಚೀಲದಿಂದ ಸುರಿದ ಹಾಗೆ. ನೀನು ಜೋಡಿಸಿದ ಸಾಲೂ ಬರಲಿಲ್ಲ, ದನಿಯೂ ಬರಲಿಲ್ಲ. ಮೇಡಂಗೆ ಆ ಅಸ್ತವ್ಯಸ್ತ ನೋಡಲಾಗದೆ, ಪಾಪ, ಒಂದು ಮಧ್ಯಾಹ್ನವೆಲ್ಲ ಕೂತು ಅಷ್ಟನ್ನೂ ಅಕಾರಾದಿಯಾಗಿ ಜೋಡಿಸಿಟ್ಟರು. ಅ ಇಂದ ಳ ತನಕ. ಓದು ಬಾರದವನಿಗೆ.

ಹಳೆಯದು ಕರೆಂಟು ಬಿಟ್ಟು ಕದಲುವಂತಿಲ್ಲ, ಗಿರಾಕಿಗಳ ಮುಂದೆ ಹೊಸದೇ ಗತಿ. ಕಾಜಾನ ಬೆರಳಿಗೆ ಜಾಗ ಗೊತ್ತು, ಅವನು ನೋಡಿ ಒತ್ತುವವನಲ್ಲ. ಮೇಷ್ಟ್ರು "ಪ್ಯಾಂಟು ಯಾವಾಗ?" ಅಂದರೆ ಅಭ್ಯಾಸದ ಮೇಲೆ ಮೂರನೇ ಮನೆ ಒತ್ತಿದ. ಬ್ಯಾಂಕಿನಲ್ಲಿ ಟೋಕನ್ ಕೂಗುವಂಥ ಹೆಂಗಸಿನ ದನಿ "ಅಜೀರ್ಣ" ಎಂದಿತು. ಅಲ್ಲಿಯ ತನಕ ನಗುವ ವಿಷಯವೇ.

ಮೊನ್ನೆ ಒಬ್ಬಳು ತಾಯಿ, ಪುಟ್ಟ ಮಗಳ ಕೈ ಹಿಡಿದುಕೊಂಡು ಬಂದಳು. ನಾವು ಅಳತೆಯಲ್ಲಿದ್ದೆವು. ಮಗು ಹೋಗಿ ಕಾದ ಇಸ್ತ್ರಿಪೆಟ್ಟಿಗೆಗೆ ಕೈ ಚಾಚಿತು. ನಿನ್ನ ತಮ್ಮ ಹಾರಿ ಬಂದು ಮಗುವಿನ ತೋಳು ಹಿಡಿದ, ಇನ್ನೊಂದು ಕೈಯಲ್ಲಿ "ಬೇಡ" ಹುಡುಕಿ ಒತ್ತಿದ. "ಬೇಡ"ಕ್ಕೆ ಚಿತ್ರ ಸಿಗದೆ ನೀನು ಕತ್ತರಿ ಹಾಕಿದ್ದೆ, ನೆನಪಿದೆಯಾ? ನೀನು ಹಾಗೆ ದನಿ ತುಂಬಿದ್ದರಿಂದ ಹಳೆಯದರಲ್ಲಿ ಕತ್ತರಿ ಒತ್ತಿದರೆ "ಬೇಡ" ಅನ್ನುತ್ತಿತ್ತು. ಹೊಸದಕ್ಕೆ ನಮ್ಮನೆ ವಿಷಯ ಏನು ಗೊತ್ತು. ಕತ್ತರಿ ಕಂಡರೆ ಕತ್ತರಿ ಅನ್ನುತ್ತದೆ. ಮಗುವಿನ ತೋಳು ಬಿಗಿಯಾಗಿ ಹಿಡಿದುಕೊಂಡು ನಿಂತ ಆಳೆತ್ತರದ ಗಂಡಸು, ಅವನ ಕೈಯಲ್ಲಿ "ಕತ್ತರಿ. ಕತ್ತರಿ. ಕತ್ತರಿ." ಆ ತಾಯಿ ಕಿರುಚಿಕೊಂಡಳು. ಅವಳದ್ದೇನು ತಪ್ಪು? ನಾನು ವಿವರಿಸುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದಳು. ಸಂಜೆ ಕಟ್ಟಡದ ಮಾಲೀಕರು ಬಂದು, "ನಿಮ್ಮ ಹುಡುಗ ಕೆಟ್ಟವನಲ್ಲ ಅಂತ ನನಗೆ ಗೊತ್ತು. ಆದರೂ ಅವನನ್ನ ಗಿರಾಕಿ ಬರುವ ಮುಂದಿನ ಕೋಣೆಯಲ್ಲಿ ಕೂರಿಸಬೇಡಿ" ಎಂದು ಮೆತ್ತಗೆ ಹೇಳಿ ಹೋದರು.

ನಿನ್ನ ಜೋಡಣೆ, ದನಿ, ಎರಡೂ ಟ್ಯಾಬಿಗೆಂದು ನೀನು ತೆರೆದ ಖಾತೆಯಲ್ಲಿ ಭದ್ರವಾಗಿವೆಯಂತೆ. ಬಾಗಿಲು ತೆಗೆಯಬೇಕಾದರೆ ನಿನ್ನ ಫೋನಿಗೆ ಆರು ಅಂಕಿ ಬರುತ್ತದಂತೆ, ಅದನ್ನು ಇಲ್ಲಿ ಒತ್ತಬೇಕಂತೆ. ಮೇಡಂ ಈಗಾಗಲೇ ಒತ್ತಿ ಕೇಳಿದ್ದಾರೆ. ನೋಡಿ ತಿಳಿಸು.

ನಿನ್ನ ದೊಡ್ಡಮ್ಮ (ಏಕವಚನ)

೨೨ ಜುಲೈ

ದೊಡ್ಡಮ್ಮನವರಿಗೆ,

ನೀವು ಹೇಳಿದ ಅಂಕಿ ಫೋನಿಗೆ ಬಂದಿತ್ತು. ಬರೆದಿದ್ದೇನೆ: ೪೧೭೭೦೨. ತಪ್ಪಿಲ್ಲದಂತೆ ಒತ್ತಿ.

ಅವನನ್ನು ಹಿಂದಿನ ಕೋಣೆಯಲ್ಲಿ ಕೂರಿಸಬೇಡಿ. ಅಲ್ಲಿ ಕಿಟಕಿ ಇಲ್ಲ.

ಇತಿ

೯ ಆಗಸ್ಟ್

ಗುಂಡಿ,

ನಿನ್ನ ಆರು ಅಂಕಿ ಸೀಲು ಹಾಕಿಸಿಕೊಂಡು, ಅಂಚೆಚೀಟಿ ಅಂಟಿಸಿಕೊಂಡು, ಮರ್ಯಾದೆಯಾಗಿ ಬಂತು. ಮೇಡಂ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಕ್ಕು ನಕ್ಕು. "ರೀ, ಇದರ ಆಯಸ್ಸೇ ಹತ್ತು ನಿಮಿಷ. ಇದನ್ನ ಯಾರಾದ್ರೂ ಪೋಸ್ಟ್ ಮಾಡ್ತಾರಾ?" ಎಂದರು. ಆದರೂ ಒತ್ತಿ ನೋಡಿದೆವು. ಅವಧಿ ಮುಗಿದಿದೆ ಎಂದು ಬಂತು. ಅವರು ಮೇಲೆ ಹೋದ ಮೇಲೆ ನಾನು ಯೋಚನೆ ಮಾಡಿದೆ. ನನಗೆ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತಿಲ್ಲದ ವಿಷಯವೇ ಇದು? ಅಂಕಿ ಬಂದ ಕೂಡಲೇ ನೀನು ಫೋನಿನಲ್ಲಿ ಹೇಳಬೇಕು. ಬೇರೆ ದಾರಿ ಇಲ್ಲ.

ಹಳೆಯ ಟ್ಯಾಬ್ ಹೋಯಿತು. ಅವನು "ನಾಳೆ ಬನ್ನಿ" ಒತ್ತಿದ, "ನಾಳೆ ಬ" ಅಂದು ನಿಂತಿತು. ಇಸ್ತ್ರಿಪೆಟ್ಟಿಗೆ ಬದಲಾಯಿಸಿ ನೋಡಿದೆ, ಏಳಲಿಲ್ಲ. ಹೊಸದನ್ನು ಅವನು ಬೋರಲು ಹಾಕಿಟ್ಟಿದ್ದಾನೆ. ಹಿಂದಿನ ಕೋಣೆಯಲ್ಲೇ ಕೂರುತ್ತಾನೆ, ನಾನು ಕೂರಿಸಿದ್ದಲ್ಲ, ಅವನೇ ಹೋಗಿ ಕೂತದ್ದು. ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಾನೆ. ಮುಗಿದ ಮೇಲೆ ಎಲ್ಲ ಒಟ್ಟಿಗೆ ಸುರಿದು ಮತ್ತೆ ಶುರು ಮಾಡುತ್ತಾನೆ.

ಹೋದ ವಾರ ಊಟ ಮುಟ್ಟಲಿಲ್ಲ. ಮುನಿಸು ಎಂದುಕೊಂಡೆ. ಎರಡು ದಿನ ಬಿಟ್ಟು ನೋಡಿದರೆ ದವಡೆ ಊದಿ ಕಣ್ಣು ಮುಚ್ಚಿಹೋಗಿದೆ. ಹಲ್ಲು ಕೊಳೆತು ಕೀವು ತುಂಬಿತ್ತು. ಅಷ್ಟು ದಿನ ನೋವು ನುಂಗಿಕೊಂಡಿದ್ದ. "ಹಲ್ಲು", "ನೋವು" ಇಷ್ಟೇ, ಎರಡು ಮನೆ, ಅಕ್ಕಪಕ್ಕ ಇಟ್ಟಿದ್ದೆ ನೀನು. ಡಾಕ್ಟರು "ಮೊದಲೇ ಹೇಳಬಾರದಿತ್ತೇನಪ್ಪಾ" ಎಂದು ಅವನನ್ನೇ ಕೇಳಿದರು.

ನಾನು ನಿನ್ನನ್ನು ಬಾ ಎನ್ನುತ್ತಿಲ್ಲ. ಆರು ಅಂಕಿ ಕೇಳುತ್ತಿದ್ದೇನೆ.

ದೊಡ್ಡಮ್ಮ

೨೮ ಆಗಸ್ಟ್

ದೊಡ್ಡಮ್ಮ,

ಗೊತ್ತಿತ್ತು. ಹತ್ತು ನಿಮಿಷ ಎಂದು ಗೊತ್ತಿದ್ದೇ ಅಂಚೆಗೆ ಹಾಕಿದೆ. ಹಾಕಿ ಬಂದ ಮೇಲೆ ಒಂದು ಕೆಲಸ ಮುಗಿಯಿತು ಅನ್ನಿಸಿತು. ಹಲ್ಲಿನ ವಿಷಯ ಓದಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ನಿನಗೆ ನಾನು ಯಾಕೆ ಹೋದೆ ಅಂತ ಯಾವತ್ತೂ ಹೇಳಲಿಲ್ಲ, ನೀನೂ ಕೇಳಲಿಲ್ಲ. ಗಿರಾಕಿಗಳು ನಮಗೆ ಗುಂಡಿ, ಕಾಜಾ ಎಂದು ಹೆಸರಿಟ್ಟಾಗ ನೀನು ಎಷ್ಟು ನಕ್ಕಿದ್ದೆ. ಗುಂಡಿ ಇದ್ದ ಕಡೆ ಅದು ಕೂರುವ ತೂತು, ಕಾಜಾ, ಇರಲೇಬೇಕಲ್ಲ. ಯಾರು ಬಂದರೂ ಅವನಿಗೆ ಕೇಳಬೇಕಾದ್ದನ್ನು ನನಗೆ ಕೇಳುತ್ತಿದ್ದರು. ಅವನಿಗೆ ಹಸಿವಾ? ಅವನಿಗೆ ಚಳಿಯಾ? ನನಗೆ ಹಸಿವಾ ಎಂದು ಕೇಳಿದ ನೆನಪಿಲ್ಲ. ಟ್ಯಾಬ್ ಬಂದ ಮೇಲೆ ಇನ್ನು ಬಿಡುಗಡೆ ಎಂದುಕೊಂಡೆ. ಆಗಲಿಲ್ಲ. ನನ್ನ ದನಿ ಒಡೆದು ದಪ್ಪವಾಯಿತು, ಅದು ಮೇಜಿನ ಮೇಲೆ ಚಿಕ್ಕ ಹುಡುಗನ ಹಾಗೇ ಕೂಗುತ್ತಿತ್ತು. ನಾನು ಊಟಕ್ಕೆ ಕೂತರೆ ನಾನೇ ಪಕ್ಕದ ಕೋಣೆಯಿಂದ ನೀರು ಕೇಳುತ್ತಿದ್ದೆ. ನನಗೆ ತಲೆ ಕೆಡುತ್ತಿತ್ತು, ದೊಡ್ಡಮ್ಮ. ಇದನ್ನು ಯಾರ ಹತ್ತಿರ ಹೇಳುವುದು? ಮಾತು ಬಾರದ ತಮ್ಮನ ಮೇಲೆ ಹೊಟ್ಟೆಕಿಚ್ಚೇ ಎಂದು ಕೇಳುತ್ತಾರೆ.

ಇಲ್ಲಿ ಒಳಗೆ ಬಾಯಿ ತೆರೆದರೆ ಹಬೆ ಬರುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಹಾಗಾಗಿ ಯಾರೂ ಮಾತಾಡುವುದಿಲ್ಲ. ಪೆಟ್ಟಿಗೆ ಎತ್ತುತ್ತೇವೆ, ಇಡುತ್ತೇವೆ. ನನಗೆ ಹಿತವಾಗಿದೆ.

ಬರುವ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೇಡಂಗೆ ಒತ್ತಲು ಹೇಳು. ಅಂಕಿ ಬಂದ ಕೂಡಲೇ ಫೋನ್ ಮಾಡುತ್ತೇನೆ. ಅಂಕಿ ಹೇಳಿ ಇಡುತ್ತೇನೆ. ಬೇರೆ ಏನೂ ಕೇಳಬೇಡ, ಕೇಳಿದರೆ ನನಗೆ ಆಗುವುದಿಲ್ಲ.

ಗುಂಡಿ

೧೫ ಸೆಪ್ಟೆಂಬರ್

ನನ್ನ ಗುಂಡಿ,

ಬಂತು, ಎಲ್ಲವೂ ಬಂತು. ಸಾಲಿಗೆ ಸಾಲು, ಮನೆಗೆ ಮನೆ, ನೀನು ಇಟ್ಟ ಹಾಗೇ. "ನಾಳೆ ಬನ್ನಿ" ಮೂರನೇ ಮನೆಯಲ್ಲಿ. ಕತ್ತರಿ ಒತ್ತಿದರೆ "ಬೇಡ". ನೀನು "ಹಸಿವು" ಹೇಳುವಾಗ ಹಿಂದೆ ನನ್ನ ಮಷಿನ್ ಓಡುವ ಸದ್ದು ಕೇಳುತ್ತದಲ್ಲ, ಅದೂ ಬಂದಿದೆ.

ಮೇಡಂ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟಿದ್ದರು. ಕಾಜಾನನ್ನೂ ಕರೆದು ಕೂರಿಸಿದ್ದೆ, ಅವನ ಕೆಲಸ ತಾನೇ. ನೀನು ಒಂದೊಂದಾಗಿ ಹೇಳಿದೆ. ನಾಲ್ಕನೆಯದಕ್ಕೆ ಬರುವ ತನಕ ನಾನು ಅಂಕಿ ಕೇಳಿಸಿಕೊಳ್ಳಲೇ ಇಲ್ಲ. ನಮ್ಮಪ್ಪ ಮಾತಾಡಿದ ಹಾಗಿತ್ತು. ನೀನು ಇದ್ದಾಗಲೂ ದನಿ ಒಡೆದಿತ್ತು, ಆದರೆ ಇಷ್ಟು ಗಟ್ಟಿ ಇರಲಿಲ್ಲ. ಅಲ್ಲಿನ ಚಳಿಗೆ ಹೀಗಾಯಿತೋ ಏನೋ. ದಿನವೂ ಆ ಚಿಕ್ಕ ದನಿ ಕೇಳಿ ಕೇಳಿ, ನೀನು ಎಲ್ಲೋ ಹಾಗೆಯೇ ಇದ್ದೀಯ ಅಂತ ನನ್ನ ಕಿವಿ ನಂಬಿಬಿಟ್ಟಿತ್ತು. ಕೊನೆಯ ಅಂಕಿ ಆದ ಮೇಲೆ ಸ್ವಲ್ಪ ಹೊತ್ತು ನಿನ್ನ ಉಸಿರು ಕೇಳಿಸಿತು. ನಾನು "ಊಟ..." ಎಂದೆ. ಏನೂ ಕೇಳಬೇಡ ಅಂತ ನೀನು ಬರೆದಿದ್ದೆ, ಬಾಯಿ ಜಾರಿತು. ಅಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ.

ಕಾಜಾ ಬಹಳ ಹೊತ್ತು ಫೋನನ್ನೇ ನೋಡುತ್ತಿದ್ದ. "ಅದು ಅಣ್ಣ ಕಣೋ" ಎಂದೆ. ಅವನು "ಅಣ್ಣ" ಒತ್ತಿದ. ಚಿಕ್ಕ ದನಿ "ಅಣ್ಣ" ಎಂದಿತು. ಮತ್ತೆ ಫೋನಿನ ಕಡೆ ನೋಡಿದ, ಮತ್ತೆ ಒತ್ತಿದ. ಆ ದಿನವೆಲ್ಲ ಅದೇ.

ಮುಂದಿನ ಕೋಣೆಗೆ ಇನ್ನೂ ಬಂದಿಲ್ಲ. ಬರುತ್ತಾನೆ, ಹೊಸತಲ್ಲವೇ.

ನಿನ್ನ ದೊಡ್ಡಮ್ಮ

೪ ಅಕ್ಟೋಬರ್

ದೊಡ್ಡಮ್ಮ,

ನಿನ್ನೆ ಕೆಲಸದಿಂದ ಹೊರಗೆ ಬಂದು ಫೋನ್ ನೋಡಿದರೆ ಖಾತೆಯಿಂದ ಸಂದೇಶ: ಧ್ವನಿಗಳನ್ನೆಲ್ಲ ತೆಗೆದುಹಾಕಲಾಗಿದೆ ಎಂದು. ಏನಾಯಿತು? ಮೇಡಂ ಮತ್ತೆ ಏನಾದರೂ ಜೋಡಿಸಲು ಹೋದರಾ? ಒಳಗೆ ಹೋಗಿ ಹುಡುಕಿದೆ, ಒಂದೂ ಉಳಿದಿಲ್ಲ. ಹಳೆಯದು ಕೆಟ್ಟಿದೆ ಅಂದಿದ್ದೆ, ಹಾಗಾಗಿ ಇನ್ನೆಲ್ಲೂ ಇಲ್ಲ.

ಅವನಿಗೆ ಮತ್ತೆ ತೊಂದರೆ ಆಗಬಾರದು. ಬೇಕಾದರೆ ನಾನು ಅಷ್ಟನ್ನೂ ಹೊಸದಾಗಿ ಹೇಳಿ ಕಳಿಸುತ್ತೇನೆ. ಆ ದನಿ ನನ್ನ ಹತ್ತಿರವೂ ಇಲ್ಲ, ಈಗ ಇರುವುದರಲ್ಲೇ ಹೇಳಬೇಕು. ನಿನ್ನೆ ಕೋಣೆಯಲ್ಲಿ ಕೂತು "ನೀರು" ಎಂದು ಹೇಳಿ ನೋಡಿಕೊಂಡೆ.

ಅಂಕಿ ಏನಾದರೂ ಬೇಕಿದ್ದರೆ ಫೋನ್ ಮಾಡು. ಎತ್ತುತ್ತೇನೆ.

ಗುಂಡಿ

೨೦ ಅಕ್ಟೋಬರ್

ನನ್ನ ಗುಂಡಿ,

ಮೇಡಂ ಏನೂ ಮಾಡಿಲ್ಲ, ಟ್ಯಾಬ್ ಕೂಡ ಕೆಟ್ಟಿಲ್ಲ. ನಿನ್ನ ದನಿ ತೆಗೆಸಿದವನು ನಿನ್ನ ತಮ್ಮ.

ನೀನು ಫೋನ್ ಮಾಡಿದ ದಿನದಿಂದ ಅವನ ತಲೆಯಲ್ಲಿ ಅದೇ ಓಡುತ್ತಿತ್ತು. ನಮಗೆ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಮೇಡಂ ಬಟ್ಟೆ ಕೊಡಲು ಬಂದಾಗ ಟ್ಯಾಬ್ ಹಿಡಿದು ಮುಂದೆ ಬಂದು ನಿಂತ. ಒತ್ತಿದ: "ಅಣ್ಣ. ದೊಡ್ಡ." ತನ್ನ ಎದೆ ತಟ್ಟಿಕೊಂಡು ಒತ್ತಿದ: "ನಾನು. ಚಿಕ್ಕ." ಆಮೇಲೆ ಕತ್ತರಿ. "ಬೇಡ."

ನಾನು "ಅಯ್ಯೋ, ನೀನೂ ದೊಡ್ಡವನೇ ಕಣೋ, ಯಾರು ಇಲ್ಲ ಅಂದ್ರು" ಎಂದೆ. ಅವನು ತಲೆ ಕೊಡವಿ ಟ್ಯಾಬಿನ ಬಾಯಿಯ ಮೇಲೆ, ದನಿ ಬರುವ ತೂತುಗಳ ಮೇಲೆ, ಬೆರಳಿಟ್ಟು ತೋರಿಸಿದ. ಮೇಡಂಗೆ ಹೊಳೆಯಿತು. "ದನಿ ಬೇರೆ ಬೇಕಾ?" ಎಂದರು. "ಹೌದು."

ಅದರಲ್ಲಿ ದನಿಗಳ ಪಟ್ಟಿಯೇ ಇದೆ, ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸಿದ ಹಾಗೆ. ಒಂದೊಂದನ್ನೂ ಕೇಳಿದ. ಕಣ್ಣು ಮುಚ್ಚಿಕೊಂಡು ಕೇಳಿದ. ಕೊನೆಗೆ ಒಂದಕ್ಕೆ ನಿಂತ. ಮಧ್ಯಮ ದಪ್ಪದ ಗಂಡಸಿನ ದನಿ. ನಿನ್ನದಲ್ಲ, ನಮ್ಮ ಕಡೆಯ ಯಾರದ್ದೂ ಅಲ್ಲ. ಹಿಂದಿನ ಅನಾಹುತ ಆಗಬಾರದೆಂದು ಮೇಡಂ ಪ್ರತಿ ಚಿತ್ರಕ್ಕೂ ನಾವು ಹೇಳುವ ಮಾತನ್ನೇ ಟೈಪ್ ಮಾಡಿಕೊಟ್ಟರು. ಕತ್ತರಿಗೆ ಬೇಡ, ಇಸ್ತ್ರಿಪೆಟ್ಟಿಗೆಗೆ ಕೋಪ. ಎಲ್ಲ ಮುಗಿದ ಮೇಲೆ ಟ್ಯಾಬೇ ಕೇಳಿತು, ಹಳೆಯ ಧ್ವನಿಗಳನ್ನು ಅಳಿಸಬೇಕೇ ಎಂದು. ಮೇಡಂ ನನ್ನ ಮುಖ ನೋಡಿದರು. ನಾನು ಅವನ ಕೈ ಹಿಡಿದುಕೊಂಡು, "ಹತ್ತು ಮಾತಾದ್ರೂ ಇರ್ಲಿ ಕಣೋ. ಒಂದು ಮೂಲೇಲಿ ಇರ್ಲಿ. ನೀನು ಒತ್ತಬೇಡ, ನಾನು ಒತ್ಕೋತೀನಿ" ಎಂದೆ. ಅವನು ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ಬೈದಾದರೂ ಬಿಡುತ್ತಿದ್ದೆ. ಸಿಟ್ಟಿರಲಿಲ್ಲ. ನನ್ನ ಕೈ ಮೆಲ್ಲಗೆ ಬಿಡಿಸಿ ತಾನೇ ಒತ್ತಿದ. ಅದು ಅವನ ಬಾಯಿ, ಗುಂಡಿ. ಅದರಲ್ಲಿ ನನಗೆ ಜಾಗ ಕೇಳುವುದು ಹೇಗೆ?

ಮಾರನೇ ದಿನ ಮುಂದಿನ ಕೋಣೆಗೆ ಬಂದು ಕೂತ. ಮಾಲೀಕರು ನೋಡಿಕೊಂಡು ಹಾಗೇ ಮುಂದೆ ಹೋದರು. ಮೇಷ್ಟ್ರು ಬಂದು ಬಾಯಿ ತೆರೆಯುವಷ್ಟರಲ್ಲಿ "ನಾಳೆ ಬನ್ನಿ" ಎಂದ. ಅವರು "ಆಗಲಿ ಸ್ವಾಮಿ" ಎಂದು ಹೋದರು. ನಗಲಿಲ್ಲ. ಅವನು ನಕ್ಕ.

ಹಾಗಾಗಿ ನೀನು ಏನೂ ಹೇಳಿ ಕಳಿಸುವುದು ಬೇಡ. ಅವನಿಗೆ ಬೇಕಾಗಿಲ್ಲ. ಆಗಸ್ಟಿನಲ್ಲಿ ನೀನು ಬರೆದದ್ದನ್ನು ಅವನಿಗೆ ಓದಿ ಹೇಳಿದೆ, ಊಟ, ನೀರು, ಪಕ್ಕದ ಕೋಣೆ, ಎಲ್ಲ. ಕೊನೆಗೆ "ಅಣ್ಣ. ಹೋಗು." ಎಂದ. ಅದು "ಹೋಗು ಅತ್ಲಾಗೆ"ಯೋ, "ನೆಮ್ಮದಿಯಾಗಿ ಹೋಗು" ಎಂದೋ, ಆ ದನಿಯಲ್ಲಿ ನನಗಿನ್ನೂ ತಿಳಿಯುವುದಿಲ್ಲ. ನಿನ್ನದರಲ್ಲಾಗಿದ್ದರೆ ತಿಳಿಯುತ್ತಿತ್ತು.

ನಿನ್ನೆ ಮಷಿನ್ ತುಳಿಯುತ್ತಾ ಕೂತಿದ್ದೆ, ಬೆನ್ನು ಬಾಗಿಲಿಗೆ. ಹಿಂದಿನಿಂದ ಯಾರೋ "ದೊಡ್ಡಮ್ಮ" ಎಂದರು. ತಲೆ ಎತ್ತದೆ, "ಯಾರು ಬಂದಿದ್ದಾರೆ ನೋಡೋ ಕಾಜಾ" ಎಂದೆ. ಮತ್ತೆ "ದೊಡ್ಡಮ್ಮ" ಎಂದಿತು. ತಿರುಗಿ ನೋಡಿದರೆ ಅವನೇ ನಿಂತಿದ್ದ.

ಅಂಕಿ ಬೇಕಿದ್ದರೆ ಫೋನ್ ಮಾಡು ಅಂದಿದ್ದೀಯ. ಇನ್ನು ಯಾವ ಅಂಕಿಯೂ ಬೇಡ, ಟ್ಯಾಬಿನ ಕೆಲಸವೆಲ್ಲ ಮುಗಿಯಿತು. ಕಾರಣ ಇಲ್ಲದೆ ಮಾಡಿದರೂ ಎತ್ತುತ್ತೀಯಾ?

ನಿನ್ನ ದೊಡ್ಡಮ್ಮ